ಅಣ್ಣನ ಬೇಸ್ ಯಾಕೆ ಗುಂಯ್‌ಗುಡುತ್ತಿತ್ತು

೧೪ ಜೂನ್, ಭಾನುವಾರ

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರ. ನಾವಿಲ್ಲಿ ಕ್ಷೇಮ. ನೀನು, ಅತ್ತಿಗೆ, ಮಗಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬೇಸ್ ಗಿಟಾರ್ ಗುರುವಾರವೇ ನಿನ್ನ ಕೈ ಸೇರಬೇಕಿತ್ತು. ನನ್ನಿಂದಾಗಿ ರೆಕಾರ್ಡಿಂಗ್ ಮುಂದಕ್ಕೆ ಹೋಯಿತಂತೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲವಲ್ಲ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ರಿಪೇರಿ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ, ಈಚೆಗೆ ಬೆಳಕು ಸಾಲುತ್ತಿಲ್ಲ. ಇವರ ಎಡಗೈ ಹಾಗೇ ಇದೆ. ಬೆರಳು ಮಡಚಿದರೆ ಅಂಗೈಯನ್ನು ಮುಟ್ಟುವುದಿಲ್ಲ. ವ್ಯಾಯಾಮ ಮಾಡಿಸುವಾಕೆ ಪ್ರತಿ ಸಲವೂ “ಸ್ವಲ್ಪ ಸುಧಾರಿಸಿದೆ” ಅನ್ನುತ್ತಾಳೆ. ಅವಳ ಸ್ವಲ್ಪ ಯಾವ ಅಳತೆಯದೋ ನನಗಂತೂ ತಿಳಿದಿಲ್ಲ. ಸಣ್ಣ ಬೆಸುಗೆಯ ಕೆಲಸವಿದ್ದಾಗ ಬಲಗೈಯಲ್ಲಿ ಟಾರ್ಚ್ ಹಿಡಿದು ನನ್ನ ಪಕ್ಕ ಕೂರುತ್ತಾರೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ.

ಈಗ ನಿನ್ನ ಬೇಸಿನ ವಿಷಯ. ‘ನಿನ್ನ’ ಎಂದು ಬರೆಯುವಾಗ ಕೈ ಈಗಲೂ ಒಂದು ಕ್ಷಣ ನಿಲ್ಲುತ್ತದೆ. ವರ್ಷಗಳ ಹಿಂದೆ ಸ್ಟೇಜಿನಿಂದ ಬಿದ್ದ ಮೇಲೆ ಇವರೇ ತಮ್ಮ ಬೇಸನ್ನು ನಿನಗೆ ಕೊಟ್ಟರು, ಆ ಮಾತು ಬಿಡು. ನಿಮ್ಮ ಡ್ರಮ್ಸ್ ಬಾರಿಸುವ ಹುಡುಗ, ಎಲ್ಲರೂ ‘ಗಡಿಬಿಡಿ’ ಎಂದು ಕರೆಯುವವನು, ತಂದು ಬಾಗಿಲಲ್ಲೇ ಇಟ್ಟ. ಚಪ್ಪಲಿಯನ್ನೂ ಬಿಡಲಿಲ್ಲ. “ಅಕ್ಕಾ, ಒಂದೇ ಸಮ ಗುಂಯ್ ಅಂತಿದೆ. ಸ್ಟೇಜ್ ಮೇಲೆ ಗೊತ್ತಾಗ್ತಿರಲಿಲ್ಲ, ರೆಕಾರ್ಡಿಂಗಿನವರು ಆಗಲ್ಲ ಅಂದ್ಬಿಟ್ರು. ಪಿಕಪ್ ಹೋಗಿದೆ ಅಂತಾರೆ ಅಣ್ಣ, ಹೊಸದು ಹಾಕ್ಬಿಡಿ” ಅಂದವನು ಮೆಟ್ಟಿಲಿಳಿದು ಮಾಯವಾದ.

ತಂತಿಯ ನಾದ ಹಿಡಿಯುವ ಆ ಪಿಕಪ್ಪಿನ ತಲೆಗೆ ತಪ್ಪು ಕಟ್ಟುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ ಅಣ್ಣ. ಅದು ನಿನಗೂ ಗೊತ್ತು. ಮೊದಲು ನನ್ನದೇ ಕೇಬಲ್, ನನ್ನದೇ ಆಂಪ್ಲಿಫೈಯರ್ ಹಾಕಿದೆ. ಸದ್ದು ಹೋಗಲಿಲ್ಲ. ಟ್ಯೂಬ್‌ಲೈಟ್ ಆರಿಸಿ, ಬೇಸನ್ನು ಎತ್ತಿಕೊಂಡು ಕೋಣೆಯ ನಾಲ್ಕೂ ಕಡೆಗೆ ತಿರುಗಿದೆ. ಎದುರು ಮನೆಯವಳು ನನ್ನ ಕುಣಿತ ನೋಡಿ ನಕ್ಕಳು. ಸದ್ದು ಚೂರು ಹೆಚ್ಚುಕಡಿಮೆ ಆಯಿತೇ ಹೊರತು ನಿಲ್ಲಲಿಲ್ಲ. ಆಮೇಲೆ ತಂತಿಗಳ ಮೇಲೆ ಕೈಯಿಟ್ಟೆ. ಬೇಸ್ ನೆಟ್ಟಗಿದ್ದರೆ ತಂತಿ ಮುಟ್ಟಿದ ಕೂಡಲೇ ಗುಂಯ್ ಅನ್ನುವುದು ಅಡಗಬೇಕು. ಅಡಗಲಿಲ್ಲ. ಕೇಬಲ್ ಸಿಕ್ಕಿಸುವ ಜಾಗದ ಲೋಹವನ್ನು ಮುಟ್ಟಿದೆ, ತಕ್ಷಣ ಬಾಯಿ ಮುಚ್ಚಿಕೊಂಡಿತು. ಅಂದರೆ ಪಿಕಪ್ ಸರಿಯಾಗಿಯೇ ಇದೆ, ತಂತಿಗಳನ್ನು ಅರ್ತಿಂಗ್‌ಗೆ ಜೋಡಿಸುವ ವೈರ್ ಮಾತ್ರ ಎಲ್ಲೋ ಬಿಟ್ಟಿದೆ.

ಬೆಸುಗೆ ಬಿಟ್ಟಿರಬೇಕು ಅಂದುಕೊಂಡೆ. ನನ್ನ ಮೇಲೆ ನನಗೇ ಸಿಟ್ಟು ಬಂತು, ಯಾಕೆಂದರೆ ಆ ವೈರಿಗೆ ಬೆಸುಗೆ ಹಾಕಿದವಳು ನಾನೇ. ಇವರು ಬೀಳುವ ಕೆಲವೇ ದಿನ ಮೊದಲು ಒಳಗಿನದನ್ನೆಲ್ಲ ಹೊಸದಾಗಿ ಮಾಡಿಕೊಟ್ಟಿದ್ದೆ, ಆಗ ಸದ್ದು ಎಳ್ಳಷ್ಟೂ ಇರಲಿಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದೆ. ನನ್ನ ಬೆಸುಗೆ ಹಾಗೇ ಇತ್ತು. ವೈರನ್ನು ಯಾರೋ ಕಟ್ಟರ್‌ನಿಂದ ನೀಟಾಗಿ ಕತ್ತರಿಸಿ, ತುದಿಗೆ ಟೇಪ್ ಸುತ್ತಿದ್ದರು. ಟೇಪಿನ ಕೊನೆಯನ್ನು ಒಳಕ್ಕೆ ಮಡಚಿ ಪುಟ್ಟ ಕಿವಿಯ ಹಾಗೆ ಬಿಟ್ಟಿದ್ದರು, ಮತ್ತೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು. ನಾನೂ ಹಾಗೇ ಮಾಡುತ್ತೇನೆ ಅಣ್ಣ. ಹಾಗೆ ಮಡಚುವುದನ್ನು ನನಗೆ ಕಲಿಸಿದವನು ನೀನು.

ಇವರು ವ್ಯಾಯಾಮಕ್ಕೆ ಹೋಗಿದ್ದರು. ಗುಂಯ್ ಸದ್ದು ಬರುತ್ತದೆ ಎಂದು ಗೊತ್ತಿದ್ದೂ ತಂತಿಯ ಅರ್ತಿಂಗ್ ಯಾಕೆ ಕತ್ತರಿಸುತ್ತಾರೆ? ನಮ್ಮ ಕಸುಬಿನಲ್ಲಿ ಅದಕ್ಕೆ ಒಂದೇ ಕಾರಣ. ತಂತಿಯಲ್ಲಿ ಕರೆಂಟು ಬರುತ್ತದೆಂಬ ಭಯ.

ಗಡಿಬಿಡಿಗೆ ಫೋನ್ ಮಾಡಿ ಸ್ಟೇಜಿನ ಆಂಪ್ಲಿಫೈಯರ್ ತರಲು ಹೇಳಿದೆ. “ಅದಕ್ಕೇನಾಗಿದೆ ಅಕ್ಕಾ, ಚೆನ್ನಾಗೇ ಇದೆಯಲ್ಲ” ಎಂದು ಗೊಣಗುತ್ತಲೇ ಹೊತ್ತು ತಂದ. ಪ್ಲಗ್ಗಿನ ಮೂರನೇ ಪಿನ್, ಅರ್ತಿಂಗಿನದು, ಮುರಿದಿತ್ತು. “ಅಯ್ಯೋ ಅದಾ, ಸೌಂಡ್ ಮಿಕ್ಸರ್ ಜೊತೆ ಹಾಕಿದ್ರೆ ಗುಂಯ್ ಅನ್ನುತ್ತೆ ಅಂತ ಅಣ್ಣನೇ ಆಗಲೇ ಮುರಿದಿದ್ರಲ್ಲ, ಭಾವ ಬೀಳೋಕಿಂತ ಮುಂಚೆ” ಅಂದ. ಎಲ್ಲ ಬ್ಯಾಂಡಿನವರೂ ಮಾಡುವ ಘನಕಾರ್ಯ ಅದು. ಪೆಟ್ಟಿಗೆ ಬಿಚ್ಚಿದೆ. ಕರೆಂಟಿನ ವೈರ್ ಒಳಗೆ ಬರುವ ಕಡೆ ಹೊದಿಕೆ ಸವೆದು, ಅಲುಗಾಡಿದಾಗೆಲ್ಲ ಪೆಟ್ಟಿಗೆಗೆ ತಾಗುತ್ತಿತ್ತು. ಪಿನ್ ಇದ್ದಿದ್ದರೆ ಆ ಕ್ಷಣವೇ ಫ್ಯೂಸ್ ಹೋಗುತ್ತಿತ್ತು. ಪಿನ್ ಇಲ್ಲದ್ದರಿಂದ ಕರೆಂಟು ಪೆಟ್ಟಿಗೆಯಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ತಂತಿಗೆ, ತಂತಿಯಿಂದ ಇವರ ಕೈಗೆ ಬಂದಿದೆ. ಇವರು ಪಲ್ಲವಿಗೆ ದನಿ ಸೇರಿಸಲು ಅರ್ತಿಂಗ್ ಇರುವ ಮೈಕಿಗೆ ಬಾಯಿ ತಾಗಿಸಿದ್ದೇ ತಡ, ಸ್ಟೇಜಿನಿಂದ ಕೆಳಗೆಸೆದಿದೆ.

ನೀನು ಹೇಳಿದ್ದು ಬೇರೆ. “ಕುಡ್ಕೊಂಡು ಬಂದಿದ್ದ, ಕಾಲು ಜಾರಿ ಬಿದ್ದ” ಎಂದು ಆಸ್ಪತ್ರೆಯಲ್ಲೂ ಹೇಳಿದೆ, ಬ್ಯಾಂಡಿನವರಿಗೂ ಹೇಳಿದೆ, ನನಗೂ ಹೇಳಿದೆ. ಒಂದು ಕಾಲದಲ್ಲಿ ಇವರು ಕುಡಿಯುತ್ತಿದ್ದರಲ್ಲ, ಬಿಟ್ಟಿದ್ದರೂ ಯಾರೂ ಎರಡನೇ ಮಾತು ಕೇಳದೆ ನಂಬಿದರು. ತಲೆಗೆ ಪೆಟ್ಟಾಗಿ ಇವರಿಗೆ ಆ ಸಂಜೆಯೇ ನೆನಪಿಲ್ಲ. ನಿನಗೆ ಅದಕ್ಕಿಂತ ಅನುಕೂಲ ಬೇರೆ ಯಾವುದು ಬೇಕಿತ್ತು?

ಪಿನ್ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಅವಿವೇಕ, ಯಾರಿಂದಲೂ ಆಗುತ್ತದೆ. ಆದರೆ ಬೇಸ್ ನಿನ್ನ ಕೈಗೆ ಬಂದ ಮೇಲೆ ಈ ವೈರ್ ಕತ್ತರಿಸಿದೆಯಲ್ಲ, ಅಂದರೆ ನಿನಗೆ ಎಲ್ಲ ಗೊತ್ತಿತ್ತು. ನಿನ್ನ ಜೀವ ಉಳಿಸಿಕೊಳ್ಳಲು ಕಟ್ಟರ್ ಹಿಡಿದ ಕೈಗೆ, ಇವರ ಮಾನ ಉಳಿಸಲು ಒಂದು ಫೋನ್ ಎತ್ತಲು ಆಗಲಿಲ್ಲ. ಅದೂ ಅರೆಬೆಂದ ಬುದ್ಧಿ. ಬೇಸಿನ ಗುಂಡಿಗಳೂ ಲೋಹದವೇ, ಅವುಗಳಲ್ಲಿ ಕರೆಂಟು ಬಂದಿದ್ದರೆ ಏನು ಮಾಡುತ್ತಿದ್ದೆ? ಬೇಸನ್ನು ನನ್ನ ಹತ್ತಿರ ಯಾಕೆ ಕಳಿಸಿದೆ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ನೀನು ಕತ್ತರಿಸಿದ್ದನ್ನೇ ಮರೆತಿದ್ದೀಯ. ಇವರು ಕೈಯ ಬಲ ಕಳೆದುಕೊಂಡದ್ದು ನಿನಗೆ ಮರೆತುಹೋಗುವಂಥ ವಿಷಯ.

ವೈರ್ ಮತ್ತೆ ಜೋಡಿಸಿದ್ದೇನೆ. ಒಳಗೆ ತಾಮ್ರದ ಹಾಳೆ ಅಂಟಿಸಿದ್ದೇನೆ, ಇನ್ನು ಪಿಸುಮಾತಿನಷ್ಟೂ ಸದ್ದು ಬರುವುದಿಲ್ಲ. ಆಂಪ್ಲಿಫೈಯರಿನ ಸವೆದ ವೈರ್ ಬದಲಿಸಿ, ಮೂರೂ ಪಿನ್ ಇರುವ ಹೊಸ ಪ್ಲಗ್ ಹಾಕಿದ್ದೇನೆ. ಮಿಕ್ಸರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕು, ಆಗ ಗುಂಯ್ ಸದ್ದು ಬರುವುದಿಲ್ಲ. ಬಂದರೂ ಸಹಿಸಿಕೋ, ಪಿನ್ ಮಾತ್ರ ಮುಟ್ಟಬೇಡ. ನಿನ್ನ ಬಗ್ಗೆ ಎಷ್ಟೇ ಸಿಟ್ಟಿದ್ದರೂ ನೀನು ತಂತಿ ಮುಟ್ಟಿ ಬೀಳುವುದು ನನಗೆ ಬೇಡ.

ನಾನು ಕೇಳುವುದು ಒಂದೇ. ಬ್ಯಾಂಡಿನವರನ್ನೆಲ್ಲ ಕೂರಿಸಿಕೊಂಡು, ಅವನು ಅಂದು ಕುಡಿದಿರಲಿಲ್ಲ, ಕರೆಂಟು ಹೊಡೆದು ಬಿದ್ದ ಎಂದು ನಿನ್ನ ಬಾಯಿಂದಲೇ ಹೇಳು. ಪ್ಲಗ್ಗಿನ ಮಾತಷ್ಟೇ ಹೇಳಿದರೆ ಸಾಕು, ಕಟ್ಟರಿನದು ನನ್ನಲ್ಲೇ ಇರುತ್ತದೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮಗಳು ಚೆನ್ನಾಗಿ ಬೆಳೆಯಲಿ, ಒಳ್ಳೆಯ ಮನಸ್ಸಿನವಳಾಗಲಿ ಎಂದು ಅವಳ ಅತ್ತೆಯ ಆಶೀರ್ವಾದ. ನಿನ್ನ ಆಶೀರ್ವಾದ ಬೇಡುವ ಸಾಲನ್ನು ಪ್ರತಿ ಸಲ ಬರೆಯುತ್ತಿದ್ದೆ, ಈ ಸಲ ಮನಸ್ಸು ಬರಲಿಲ್ಲ.

ಇತಿ,
ನಿನ್ನ ತಂಗಿ

ಮರೆತಿದ್ದ ಮಾತು: ಪ್ಲಗ್ಗಿನ ವಿಷಯವನ್ನು ಇವರಿಗೆ ಹೇಳಿದೆ. ನಿನಗೆ ಗೊತ್ತಿದೆಯೋ ಇಲ್ಲವೋ, ಇಷ್ಟು ವರ್ಷ ಇವರೂ ನಿನ್ನ ಮಾತನ್ನೇ ನಂಬಿದ್ದರು. ಬಿಟ್ಟ ಕುಡಿತಕ್ಕೆ ಮತ್ತೆ ಕೈ ಹಾಕಿ ನಿನ್ನ ಕಾರ್ಯಕ್ರಮ ಕೆಡಿಸಿದೆನೆಂದು ಕೊರಗಿ, ತಪ್ಪಿಗೆ ದಂಡ ಎಂದೇ ಆ ಬೇಸನ್ನು ನಿನಗೆ ಕೊಟ್ಟದ್ದು. ನಾನು ಹೇಳಿದ್ದು ಕೇಳಿ, “ಹಾಗಾದ್ರೆ ನಾನು ಕುಡಿದಿರಲಿಲ್ವಾ?” ಎಂದು ಎರಡು ಸಲ ಕೇಳಿದರು. ಆಮೇಲೆ, “ಮೊದಲು ನಿಮ್ಮಣ್ಣನಿಗೆ ಕಾಗದ ಬರಿ. ಪಾಪ, ಗೊತ್ತಿಲ್ಲದೆ ಆಗಿದ್ದು, ತಿಳಿದ್ರೆ ಎಷ್ಟು ನೊಂದ್ಕೋತಾರೋ. ನನಗೇನೂ ಬೇಜಾರಿಲ್ಲ ಅಂತ ಮರೀದೆ ಬರಿ” ಅಂದರು. ಬರೆದಿದ್ದೇನೆ. ಕತ್ತರಿಸಿದ ವೈರಿನ ವಿಷಯ ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇವರಿಗೆ ಉಳಿದಿರುವ ಗೆಳೆಯ ನೀನೊಬ್ಬನೇ ಅಣ್ಣ.