ಎರಡು ಗಂಟೆಗೆ ಇಪ್ಪತ್ತೈದು

ಏಪ್ರಿಲ್ 3, ಮಧ್ಯಾಹ್ನ 2.00

ಹೊರಗೆ 38 ಡಿಗ್ರಿ. ವ್ಯಾನಿನೊಳಗೆ 31. ಎಸಿ ಬೆಳಗ್ಗೆ ಒಂಬತ್ತರಿಂದ ಓಡುತ್ತಿದೆ. ಸದ್ದಿಗೆ ಕೊರತೆಯಿಲ್ಲ, ತಂಪಿಗೇ ಬರ.

ಅಕ್ಕನ ಮಗ ಫೋನಿನಲ್ಲಿ ಷರತ್ತು ಹೇಳಿದ. "ಅಮ್ಮಂದು ಆಪರೇಷನ್ ಆದ ಎದೆ, ಚಿಕ್ಕಮ್ಮ. ಸೆಕೆ ಆಗಲ್ಲ ಅಂದಿದಾರೆ ಡಾಕ್ಟ್ರು. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಇಪ್ಪತ್ತೈದು ಬರಲಿ, ನಾನೇ ಅಮ್ಮನ್ನ ತಂದು ಬಿಡ್ತೀನಿ."

ನ್ಯಾಯವಾದ ಮಾತು. ಒಪ್ಪಿದೆ.

ಅಕ್ಕ ಹೊಲಿಗೆ ಅಂಗಡಿ ಮುಚ್ಚಿದ ವರ್ಷವೇ ನಾನು ಕಾಲೇಜಿನ ಲ್ಯಾಬಿನಿಂದ ನಿವೃತ್ತಳಾದದ್ದು. ಇಬ್ಬರೂ ಸೇರಿ ಈ ಹಳೆಯ ವ್ಯಾನು ಕೊಂಡೆವು. ಎರಡು ಮಂಚ, ಒಂದು ಒಲೆ, ನೆತ್ತಿಯ ಮೇಲೆ ಎಸಿ. ಊರೂರು ಸುತ್ತುವ ಯೋಚನೆ. ಒಂದೇ ಪ್ರವಾಸ ಆಯಿತು, ಚಳಿಗಾಲದಲ್ಲಿ. ಆಮೇಲೆ ಅಕ್ಕನಿಗೆ ಆಸ್ಪತ್ರೆ, ಆಮೇಲೆ ಮಗನ ಮನೆ. ನಾನು ಗಾಡಿಯನ್ನು, ಇಂಥ ಗಾಡಿಗಳು ತಂಗುವ ಈ ಕ್ಯಾಂಪಿಗೆ ತಂದು ನಿಲ್ಲಿಸಿದೆ. ಅವನ ಮನೆಗೆ ಇಲ್ಲಿಂದ ಅರ್ಧ ಗಂಟೆ. ಆದರೂ ಹೋಗಿ ನೋಡಿ ಬರುವುದು ಬೇರೆ, ಜೊತೆಗಿರುವುದು ಬೇರೆ. ಬೆಳಗಿನ ಕಾಫಿಗೆ ಇನ್ನೂ ಎರಡು ಲೋಟದ ನೀರಿಡುತ್ತೇನೆ. ಕೈ ಮಾತು ಕೇಳುವುದಿಲ್ಲ.

ಏಪ್ರಿಲ್ 4

ಎಸಿಯ ಜಾಲರಿ ಬಿಚ್ಚಿ ತೊಳೆದೆ. ಅಂಥ ಕೊಳೆಯೇನಿರಲಿಲ್ಲ. ಕಿಟಕಿಗಳಿಗೆ ಬೆಳ್ಳಿ ಬಣ್ಣದ ಹಾಳೆ ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಎರಡು ಗಂಟೆಗೆ 30.

ಏಪ್ರಿಲ್ 6

ಕ್ಯಾಂಪಿನ ಪ್ಲಗ್ಗಿನಲ್ಲಿ ಮೀಟರ್ ಇಟ್ಟೆ. 194 ವೋಲ್ಟ್; ಬೇಕಾದ್ದು 230. ಸಾಲಿನ ಎಲ್ಲ ಗಾಡಿಗಳೂ ಒಂದೇ ತಂತಿಯಿಂದ ಹೀರುತ್ತಿವೆ. ಮ್ಯಾನೇಜರ್‌ಗೆ ಹೇಳಿ ನೀರಿನ ಟ್ಯಾಂಕಿನ ಪಕ್ಕದ ಕೊನೆಯ ಜಾಗಕ್ಕೆ ಬಂದೆ. ಇಲ್ಲಿ 221. ಎಸಿಯ ಗುರುಗುಟ್ಟುವಿಕೆ ನಿಂತಿತು. ಎರಡು ಗಂಟೆಗೆ 29.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಲ್ಯಾಬಮ್ಮ, ದಿನಕ್ಕೊಂದು ಡಿಗ್ರಿ ಇಳಿದರೆ ಮಳೆಗಾಲದ ಹೊತ್ತಿಗೆ ಮಂಚದ ಮೇಲೆ ಹಿಮ ಬೀಳುತ್ತೆ ಬಿಡು" ಅಂದಳು.

ನಕ್ಕಳು. ನಗುವಿನ ಕೊನೆಗೆ ಸ್ವಲ್ಪ ಏದುಸಿರು.

ಏಪ್ರಿಲ್ 9

ಚಾವಣಿ ಹತ್ತಿದೆ. ಎಸಿಯ ಹೊರಗಿನ ಕಾಯಿಲು, ಅಂದರೆ ಸುರುಳಿ ಕೊಳವೆ; ಅದರ ತೆಳು ತಗಡಿನ ಎಳೆಗಳಲ್ಲಿ ಒಣಗಿದ ಎಲೆ, ಹಕ್ಕಿಯ ಪುಕ್ಕ, ಧೂಳು. ಮೆತ್ತನೆಯ ಬ್ರಷ್, ನೀರು. ಬಾಗಿದ ಎಳೆಗಳನ್ನು ಹಳೆಯ ಬಾಚಣಿಗೆಯಿಂದ ನೆಟ್ಟಗೆ ಮಾಡಿದೆ. ಮೂರು ತಾಸು. ಮಂಡಿ ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ.

28.

ಮೆಕ್ಯಾನಿಕ್ ಒಬ್ಬ ಬಂದು ಅಂಗೈ ಇಟ್ಟು ನೋಡಿ, ಗ್ಯಾಸ್ ಹೋಗಿದೆ ಎಂದು ಹೋದ. ಪಕ್ಕದ ಟ್ರೇಲರಿನವರು — ಜೀವನವಿಡೀ ಫ್ರಿಜ್ ರಿಪೇರಿ ಮಾಡಿದವರು — ಅಲ್ಲೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

"ಗ್ಯಾಸ್ ಹೋಗಿದೆ ಅಂದ್ರೆ, 'ನಂಗೊತ್ತಿಲ್ಲ' ಅಂತ ಅರ್ಥ, ಮೇಡಂ. ಅದು ನಮ್ಮ ಕಸುಬಿನ ಭಾಷೆ. ನಾನೂ ಬೇಕಾದಷ್ಟು ಸಲ ಹೇಳಿದೀನಿ" ಅಂದರು.

ಏಪ್ರಿಲ್ 13

ಪಕ್ಕದವರು ಇವತ್ತು ತಾವಾಗಿಯೇ ಒಳಗೆ ಬಂದರು. ಉಪಕರಣ ಏನೂ ತಂದಿರಲಿಲ್ಲ. ಒಂದು ಹಾಳೆ ಕೇಳಿದರು. ಈ ಡೈರಿಯಿಂದಲೇ ಹರಿದು ಕೊಟ್ಟೆ. ಗಾಳಿ ಎಳೆದುಕೊಳ್ಳುವ ಜಾಲರಿಗೆ ಅದನ್ನು ಒತ್ತಿ ಕೈಬಿಟ್ಟರು. ಅಂಟಿಕೊಳ್ಳಬೇಕಿತ್ತು. ಬಿತ್ತು.

"ಮೂಗು ಕಟ್ಟಿದೆ ಇದಕ್ಕೆ. ಗಾಳಿ ತಂಪಾಗೇ ಇದೆ, ಆದ್ರೆ ಬರ್ತಿರೋದು ಚಮಚದಲ್ಲಿ."

"ಜಾಲರಿ ತೊಳೆದಿದ್ದೀನಿ."

"ಅದರ ಹಿಂದೆ?"

ಹಿಂದೆ ನೋಡಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ 'ಮೊದಲು ಪೂರ್ತಿ ಬಿಚ್ಚಿ ನೋಡಿ' ಎಂದು ಹೇಳಿದವಳು ನಾನು. ಒಳ ಚೌಕಟ್ಟು ತೆಗೆದರೆ ಕಾಯಿಲಿನ ತುಂಬ ಮಂಜುಗಡ್ಡೆ. ಅದಕ್ಕೆ ಅಡ್ಡವಾಗಿ ಒಂದು ಬಟ್ಟೆ. ಎರಡು ಪದರ. ನಾಲ್ಕು ಅಂಚೂ ಮಡಚಿ ಸಣ್ಣ ಹೊಲಿಗೆ, ಮೂಲೆಗಳಲ್ಲಿ ಇಲಾಸ್ಟಿಕ್. ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ.

ಆ ಹೊಲಿಗೆ ಯಾರದೆಂದು ಕೇಳಬೇಕಾಗಿರಲಿಲ್ಲ. ಆದರೂ ಫೋನ್ ಮಾಡಿದೆ.

"ಹೂಂ, ನಾನೇ ಹಾಕಿದ್ದು. ಫ್ಯಾನ್ ತಿರುಗಿಸಿದರೆ ಧೂಳು ಬೀಳ್ತಿತ್ತು, ನೀನು ರಾತ್ರಿಯೆಲ್ಲ ಸೀನ್ತಿದ್ದೆ. ಕೋಟಿನ ಅಸ್ತರಿನ ಬಟ್ಟೆ. ಗಟ್ಟಿಮುಟ್ಟು."

"ಗಾಳೀನೇ ಹೋಗಲ್ಲ ಅದರಲ್ಲಿ, ಅಕ್ಕಾ."

"ಧೂಳು ದಾಟಿ ಬಂತಾ?"

"ಇಲ್ಲ."

"ಮತ್ತೆ?"

ಏಪ್ರಿಲ್ 14, ಮಧ್ಯಾಹ್ನ 2.00

ಬಟ್ಟೆ ಹೊರಗೆ. ಮಂಜು ಕರಗಿಸಿ, ಕಾಯಿಲು ಒರೆಸಿ, ಬೆಳಗ್ಗೆ ಶುರು ಮಾಡಿದೆ. ಹಾಳೆ ಜಾಲರಿಗೆ ಹಲ್ಲಿಯ ಹಾಗೆ ಕಚ್ಚಿಕೊಂಡಿತು. ಹೊರಗೆ 39. ಒಳಗೆ 24.5.

ಎರಡು ಥರ್ಮಾಮೀಟರಿನಲ್ಲಿ ನೋಡಿದೆ. ಮೂರನೆಯದು ಪಕ್ಕದವರದು. ಅದೇ.

ಅಕ್ಕನಿಗೆ ಹೇಳಿದೆ.

"ಇಪ್ಪತ್ತನಾಲ್ಕೂವರೆ" ಅಂದೆ ಮತ್ತೆ.

"ಕೇಳಿಸ್ತು. ಹಾಲು ಒಲೆ ಮೇಲಿದೆ ಕಣೇ" ಎಂದು ಫೋನ್ ಇಟ್ಟಳು.

ಮಧ್ಯಾಹ್ನ ಎರಡಕ್ಕೆ ಯಾವ ಹಾಲು...

ಏಪ್ರಿಲ್ 19

ಐದು ದಿನ ಫೋನ್ ಇಲ್ಲ. ನಾನೂ ಮಾಡಲಿಲ್ಲ. ರೀಡಿಂಗ್ ಮಾತ್ರ: 24.5, 25, 24, 24.5, 24.

ಇವತ್ತು ಅಕ್ಕನ ಮಗ ಬಂದ. ಒಬ್ಬನೇ. ಥರ್ಮಾಮೀಟರ್ ತೋರಿಸಹೋದೆ. ನೋಡಲಿಲ್ಲ.

"ಇಪ್ಪತ್ತೈದು ನಾನು ಹೇಳಿದ್ದಲ್ಲ, ಚಿಕ್ಕಮ್ಮ. ಅಮ್ಮ ಹೇಳಿಸಿದ್ದು. 'ಆ ಗಾಡಿ ಜನ್ಮದಲ್ಲಿ ಅಷ್ಟು ತಣ್ಣಗಾಗಲ್ಲ, ಅವಳ ಮನಸ್ಸು ಮುರೀದೇ ತಪ್ಪಿಸ್ಕೋಬಹುದು' ಅಂದ್ರು."

"ಬರೋಕೆ ಇಷ್ಟ ಇಲ್ವಂತಾ?"

"ಇಷ್ಟ ಇಲ್ದೇ ಏನು. ದಾರೀಲಿ ತನಗೇನಾದ್ರೂ ಆದ್ರೆ ನೀವೊಬ್ಬರೇ ಆಗಿಬಿಡ್ತೀರಿ ಅಂತ ಭಯ. ರಾತ್ರಿಯೆಲ್ಲ ಅದೇ ಯೋಚನೆ. ಈಗೀಗ ಹಗಲೂ ನಿದ್ದೆ ಇಲ್ಲ."

ಕಾಫಿ ಕೊಟ್ಟೆ. ಎರಡು ಲೋಟದ ನೀರು ಇವತ್ತು ಸರಿಹೋಯಿತು.

ಅವನು ಹೊರಡುವಾಗ ಅಕ್ಕನಿಗೆ ಹೇಳಿ ಕಳಿಸಿದೆ: ಪ್ರವಾಸದ ಮಾತು ಬೇಡ. ಒಂದು ಮಧ್ಯಾಹ್ನ ಬಂದು ಹೋಗು. ಗಾಡಿ ಇಲ್ಲೇ ನಿಂತಿರುತ್ತದೆ.

ಏಪ್ರಿಲ್ 23, ಮಧ್ಯಾಹ್ನ 1.50

ಬಂದಿದ್ದಾಳೆ. ಮಗ ಕೈಹಿಡಿದು ಹತ್ತಿಸಿದ. ನಾಲ್ಕಕ್ಕೆ ಬರುತ್ತೇನೆಂದು ಹೋದ. ಸೊರಗಿದ್ದಾಳೆ, ರವಿಕೆ ಭುಜದಲ್ಲಿ ಜಾರುತ್ತದೆ. ತನ್ನದನ್ನೇ ಇನ್ನೂ ಹಿಡಿದು ಹೊಲಿದಿಲ್ಲ.

ಜಾಲರಿಯ ಕೆಳಗೆ ನಿಂತು ಮುಖ ಒಡ್ಡಿದಳು.

"ಬಿಡೋಳಲ್ಲ ನೀನು. ಗೊತ್ತಿರಬೇಕಿತ್ತು ನಂಗೆ."

"ಪ್ರವಾಸಕ್ಕೆ ಬರ್ತೀಯಾ?" ಬೇಡ ಬೇಡವೆಂದುಕೊಂಡೇ ಕೇಳಿಬಿಟ್ಟೆ.

"ಕೂತ್ಕೊಳ್ಳೋಕೂ ಬಿಡಲ್ವಲ್ಲೇ. ಎದ್ದ ಮೇಲೆ ಹೇಳ್ತೀನಿ."

ಎಡಗಡೆಯ ಮಂಚ. ಹೊದಿಕೆ ಗಲ್ಲದವರೆಗೆ.

3.10

ನಿದ್ದೆ. ಗೊರಕೆ ಮೊದಲಿನ ಹಾಗೆಯೇ, ಎರಡು ಉದ್ದ ಒಂದು ಗಿಡ್ಡ. ಒಳಗೆ 24. ಉಸಿರು ನಿಮಿಷಕ್ಕೆ ಹದಿನಾರು. ಎಣಿಸುವುದು ಬಿಟ್ಟೆ. ಮತ್ತೆ ಎಣಿಸಿದೆ.

4.05

ಮಗ ಬಂದ. ಮೆಟ್ಟಿಲ ಮೇಲೆ ನಿಂತು ಇಣುಕಿದ. ತುಂಬ ಹೊತ್ತು ನೋಡಿದ.

"ನಮ್ಮನೇಲಿ ಹೀಗೆ ಮಲಗೇ ಇಲ್ಲ" ಅಂದ, ಪಿಸುಮಾತಿನಲ್ಲಿ. "ಎಬ್ಬಿಸ್ಬೇಡಿ." ಕಾರಿಗೆ ಹೋಗಿ ಕೂತ.

5.20

ಪಡುವಣದ ಕಿಟಕಿಯ ಬೆಳ್ಳಿ ಹಾಳೆಯ ಅಂಚಿನಿಂದ ಬೆಳಕು ನುಸುಳುತ್ತಿದೆ. ಅವಳ ಕಣ್ಣಿಗೆ ಬೀಳದಂತೆ ಪರದೆ ಎಳೆದೆ. ಇಲ್ಲ ಅನ್ನಬಹುದು. ಅಂದರೆ ಅನ್ನಲಿ. ಈ ಮೂರೂವರೆ ತಾಸು ಇಬ್ಬರೂ ಇದ್ದೆವು, ಅದು ಬರೆದದ್ದಾಯಿತು.

ಪಕ್ಕಕ್ಕೆ ತಿರುಗಿದಳು. ಗೊರಕೆ ನಿಂತಿತು. ಕೈ ಕನ್ನಡಕ ಹುಡುಕುತ್ತಿದೆ. ನಾನು ಮತ್ತೆ ಕೇಳುವುದಿಲ್ಲ. ಮೊದಲು ನೀರು ಕೊಡಬೇಕು, ಆಮೇಲೆ ಅವಳೇ...