ನೂರರಲ್ಲಿ ಆರು

ಇರಿಂಜಾಲಕುಡ
ಮಂಗಳವಾರ, ಫೆಬ್ರವರಿ 10

ಪ್ರೀತಿಯ ಚೇಚಿ,

ನಿನ್ನ ಮೊಣಕಾಲು ಹೇಗಿದೆ? ಕಳೆದ ಸಲ ಮಾತು ಮುಗಿಸಿ ಮಠದ ಜಾಲರಿಯ ಆಚೆ ನೀನು ಏಳುವಾಗ ಬೆಂಚು ಹಿಡಿದುಕೊಂಡದ್ದನ್ನು ನಾನು ನೋಡಿಯೂ ನೋಡದವಳ ಹಾಗೆ ಇದ್ದೆ. ಸಿಸ್ಟರ್ ಆಗಿ ಮಂಡಿಯೂರುವ ಕೆಲಸಕ್ಕೇ ಸೇರಿದ ಅಕ್ಕನಿಗೆ ಮಂಡಿನೋವು ತಪ್ಪಿದ್ದಲ್ಲ, ಆದರೂ ಎಣ್ಣೆ ಹಚ್ಚಿಕೊಳ್ಳಲು ನಿಮ್ಮ ಮದರ್ ಬೇಡವೆನ್ನಲಾರರು. ಕೆಮ್ಮು ನಿಂತಿತೆ? ಅಡುಗೆಮನೆ ಹಿಂದಿನ ಬಾಳೆ ಗೊನೆ ಹಾಕಿತೆ? ಇದಕ್ಕೆಲ್ಲ ಉತ್ತರ ಈಸ್ಟರ್ ಆದಮೇಲೆ ಬರೆ, ಅವಸರವಿಲ್ಲ. ಅವಸರವಿರುವುದು ನನಗೆ. ಈ ಕಾಗದ ಶನಿವಾರದೊಳಗೆ ನಿನ್ನ ಕೈಸೇರಬೇಕು. ಸೋಮವಾರ ಈಸ್ಟರಿಗೆ ಮುಂಚಿನ ಐವತ್ತು ದಿನದ ಉಪವಾಸ, ನಮ್ಮ ನೋಂಬು, ಹಿಡಿಯಿತೆಂದರೆ ನಿಮ್ಮ ಮಠದಲ್ಲಿ ಮಾತೂ ಬಂದ್, ಕಾಗದವೂ ಬಂದ್. ಬಂದ ಅಂಚೆಯೆಲ್ಲ ಮದರ್ ಅವರ ಪೆಟ್ಟಿಗೆಯಲ್ಲಿ ಉಪವಾಸ ಕೂತಿರುತ್ತದೆ. ಅದಕ್ಕೇ ಸ್ಪೀಡ್ ಪೋಸ್ಟ್.

ಮೊದಲು ಒಳ್ಳೆಯ ಸುದ್ದಿ. ಎದೆಯ ಆಪರೇಷನ್ನಿನ ಗಾಯ ಒಣಗಿದೆ. ಎಡಗೈ ತಲೆಯ ಮೇಲಕ್ಕೆ ಹೋಗುತ್ತದೆ, ಬಸ್‌ಸ್ಟ್ಯಾಂಡಿನ ನನ್ನ ಲಾಟರಿ ಗೂಡಿನಲ್ಲಿ ಮೇಲಿನ ಸಾಲಿನ ಟಿಕೆಟ್‌ಗಳಿಗೆ ಈಗ ನಾನೇ ಕ್ಲಿಪ್ ಹಾಕುತ್ತೇನೆ. ಕಂಕುಳಿನ ಗ್ರಂಥಿಗಳಲ್ಲಿ ಏನೂ ಹರಡಿಲ್ಲವೆಂದು ಬರೆದುಕೊಟ್ಟಿದ್ದಾರೆ. ಗಿರಾಕಿಗಳು ನಾನಿಲ್ಲದ ಮೂರು ವಾರ ಬೇರೆ ಗೂಡಿಗೆ ಹೋಗಿದ್ದರು, ಅಲ್ಲೂ ಏನೂ ಹೊಡೆಯದೆ ನಾಚಿಕೊಂಡು ವಾಪಸು ಬಂದಿದ್ದಾರೆ. ಅಪ್ಪಚ್ಚನ್ ಬದುಕಿದ್ದಾಗ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ತೋರಿಸಿ ಬಂದವರಿಗೆಲ್ಲ ಹೇಳುತ್ತಿದ್ದರಲ್ಲ, "ಒಬ್ಳು ಪರಲೋಕದ ಭಾಗ್ಯಕ್ಕೆ, ಒಬ್ಳು ಮಧ್ಯಾಹ್ನ ಮೂರರ ಭಾಗ್ಯಕ್ಕೆ" ಅಂತ. ಮೂರು ಗಂಟೆಯ ಡ್ರಾ ಈಗಲೂ ಮೂರಕ್ಕೇ. ನಿನ್ನ ಡ್ರಾ ಎಷ್ಟು ಗಂಟೆಗೋ ನೀನೇ ಬಲ್ಲೆ.

ಇನ್ನು ವಿಷಯ. ತೆಗೆದ ಗಂಟಿನ ಒಂದು ಚೂರನ್ನು ದೂರದ ಲ್ಯಾಬಿಗೆ ಕಳಿಸಿದ್ದಾರೆ, ಕೀಮೊ ಬೇಕೋ ಬೇಡವೋ ಅದರಿಂದ ತಿಳಿಯುತ್ತದೆ ಎಂದು ಜನವರಿಯಲ್ಲಿ ನಿನಗೆ ಹೇಳಿದ್ದೆ. ಜೀನ್ ಟೆಸ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮಚ್ಚಿಗೆ ಚಿಂತೆ ಹತ್ತಿತು. ನನ್ನತ್ತೆಯ ಸ್ವಭಾವ ನಿನಗೆ ಗೊತ್ತು, ಚಿಂತೆಗೆ ಕಾರಣ ಸಿಕ್ಕದ ದಿನವೇ ಅವರಿಗೆ ಹೆಚ್ಚು ಚಿಂತೆ. "ನಿಮ್ಮ ಮನೆತನದಲ್ಲಿ ಯಾರಿಗಿತ್ತು ಇದು? ಮದ್ವೆ ಹೊತ್ತಲ್ಲಿ ಯಾಕೆ ಹೇಳ್ಲಿಲ್ಲ?" ಎಂದು ಇಪ್ಪತ್ತೆರಡು ವರ್ಷದ ಮೇಲೆ ವಿಚಾರಣೆ ಶುರುವಾಯಿತು. ಅವರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ನಫೀಸ, ನಮ್ಮ ಎದೆಯ ಮಟ್ಟಕ್ಕೂ ಬರದ ಪುಟ್ಟ ಹೆಂಗಸು, ಅಮ್ಮಚ್ಚಿಯ ಕೈ ಹಿಡಿದುಕೊಂಡು "ಇದು ಮನೆತನದ ಜಾತಕ ಅಲ್ಲ ಅಮ್ಮಚ್ಚೀ, ಗಂಟಿನ ಜಾತಕ. ಅದು ಸಾಧು ಗಂಟೋ ಪೋಕರಿ ಗಂಟೋ ಅಂತ ನೋಡೋದು, ಅಷ್ಟೆ" ಎಂದರು. ಜಾತಕ ನೋಡದ ಜಾತಿ ನಮ್ಮದು, ಆದರೂ ಅಮ್ಮಚ್ಚಿಗೆ ಅದು ತಟ್ಟನೆ ಅರ್ಥವಾಯಿತು.

ಮೊನ್ನೆ ಶುಕ್ರವಾರ ಫಲ ಬಂತು. ಇಪ್ಪತ್ತೆರಡು ಅಂಕ. ಕಡಿಮೆ ಅಂಕ ಬಂದವರೇ ಪಾಸಾಗುವ ಪರೀಕ್ಷೆಯಂತೆ ಇದು, ನಾವು ಓದುವ ಕಾಲಕ್ಕೆ ಇದ್ದಿದ್ದರೆ ಶಾಲೆಗೇ ನಾನು ಮೊದಲಿಗಳಾಗುತ್ತಿದ್ದೆ. "ಹತ್ತು ಬಂದಿದ್ರೆ ಕೀಮೊ ಬೇಡ ಅಂದ್ಬಿಡ್ತಿದ್ದೆ, ನಲವತ್ತು ಬಂದಿದ್ರೆ ಬೇಕೇ ಬೇಕು ಅಂತಿದ್ದೆ. ನಿಮ್ದು ಆಕಡೆನೂ ಇಲ್ಲ, ಈಕಡೆನೂ ಇಲ್ಲ" ಎಂದರು ಡಾಕ್ಟರ್. ಆಮೇಲೆ ಒಂದು ಹಾಳೆಯ ಬೆನ್ನಿಗೆ ಹತ್ತು ಸಾಲು, ಸಾಲಿಗೆ ಹತ್ತರಂತೆ ಚುಕ್ಕಿ ಇಟ್ಟರು, ನಮ್ಮ ಟಿಕೆಟ್ ಬೋರ್ಡಿನ ಹಾಗೆಯೇ. ನನ್ನ ವಯಸ್ಸಿನ, ನನ್ನಂಥ ಗಂಟಿನ ನೂರು ಹೆಂಗಸರು ಇವರು. ಹೇಗೂ ನುಂಗಲೇಬೇಕಾದ ಹಾರ್ಮೋನ್ ಮಾತ್ರೆಯೊಂದನ್ನೇ ನುಂಗಿದರೆ ಎಂಬತ್ತೈದು ಮಂದಿಗೆ ಕಾಯಿಲೆ ಮರಳುವುದಿಲ್ಲ, ಹದಿನೈದು ಮಂದಿಗೆ ಮರಳುತ್ತದೆ. ಕೀಮೊವನ್ನೂ ಕೊಟ್ಟರೆ ಆ ಹದಿನೈದರಲ್ಲಿ ಆರು ಮಂದಿ ಪಾರಾಗುತ್ತಾರೆ. ಮಿಕ್ಕ ತೊಂಬತ್ತನಾಲ್ಕು ಮಂದಿ ತೆಗೆದುಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ. ಕೂದಲು ಹೋಗುವುದು, ವಾಂತಿ, ಸುಸ್ತು ಮಾತ್ರ ನೂರೂ ಮಂದಿಗೆ ಸಮಪಾಲು. ಕೆಲವರಿಗೆ ಬೆರಳ ತುದಿ ಜೋಮು ಹಿಡಿದು ಹಾಗೇ ಉಳಿಯುವುದೂ ಉಂಟಂತೆ. ಅದನ್ನು ಕೇಳಿ ನನಗೆ ಕೂದಲಿಗಿಂತ ಹೆಚ್ಚು ಭಯವಾಯಿತು. ನನ್ನದು ಬೆರಳಿನ ಬದುಕು ಚೇಚಿ. ಟಿಕೆಟ್ ಒಂದೋ ಎರಡೋ ಅಂಟಿಕೊಂಡಿದೆಯೋ ಎಂದು ಹೇಳುವುದು ಕಣ್ಣಲ್ಲ, ಹೆಬ್ಬೆರಳು.

"ಆ ಆರು ಜನ ಯಾರು ಡಾಕ್ಟ್ರೇ?" ಎಂದೆ. "ಅದು ಗೊತ್ತಿದ್ರೆ ಆ ಆರು ಜನಕ್ಕೆ ಮಾತ್ರ ಕೊಟ್ಟು ಉಳಿದೋರನ್ನ ಮನೆಗೆ ಕಳಿಸ್ತಿದ್ದೆ ಎಲ್ಸಿ" ಎಂದರು. ಮುಟ್ಟು ನಿಲ್ಲಿಸುವ ಇಂಜೆಕ್ಷನ್ ಹಾಕಿಸಿಕೊಂಡು ಮಾತ್ರೆಯಲ್ಲೇ ಇರುವುದೂ ಒಂದು ದಾರಿ, ಕೆಲವರು ಅದನ್ನೇ ಹಿಡಿಯುತ್ತಾರೆ, ತಪ್ಪಿಲ್ಲ ಎಂದೂ ಹೇಳಿದರು. ನನ್ನ ಗಂಡ ಡೇವಿಸೇಟ್ಟನ್, ಅಷ್ಟು ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದವನು ಒಮ್ಮೆಲೇ, "ನಿಮ್ಮ ಸ್ವಂತ ಅಕ್ಕ ಆಗಿದ್ರೆ ಏನ್ ಹೇಳ್ತಿದ್ರಿ?" ಎಂದು ಕೇಳಿದ. "ನನ್ನಕ್ಕ ಯಾವತ್ತು ನನ್ನ ಮಾತು ಕೇಳಿದ್ದಾಳೆ ಡೇವಿಸ್" ಎಂದು ಅವರು ನಕ್ಕು, ಮಂಗಳವಾರದೊಳಗೆ ಯೋಚನೆ ಮಾಡಿ ಹೇಳಿ ಎಂದು ಕಳಿಸಿದರು. ನನಗೆ ಆ ಹೆಂಗಸಿನ ಬಗ್ಗೆ ಬಹಳ ಕೃತಜ್ಞತೆ ಮೂಡಿತು. ಹಾಗೆ ಮಾಡು ಹೀಗೆ ಮಾಡು ಎಂದು ಗದರಿಸಿದ್ದರೆ ಗೂಡಿಗೆ ಬಂದು ಬೈದುಕೊಂಡು ಸುಮ್ಮನಾಗಿರುತ್ತಿದ್ದೆ. ನನ್ನ ಪ್ರಾಣವನ್ನು ನನ್ನ ಕೈಗೇ ಕೊಟ್ಟು ಯಾರೂ ಇದುವರೆಗೆ ಕೂರಿಸಿರಲಿಲ್ಲ.

ಮನೆಗೆ ಬಂದ ಮೇಲೆ ಡೇವಿಸೇಟ್ಟನ್ ತೀರ್ಮಾನವನ್ನು ನನಗೇ ಬಿಟ್ಟ. ಹಂದಿಮಾಂಸದ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಜೊತೆ ಕೂಗಾಡುವವನು ಮನೆಯಲ್ಲಿ "ನಿಂಗೆ ಹೇಗನ್ಸುತ್ತೋ ಹಾಗೆ" ಎಂದು ಮೂರು ಸಲ ಹೇಳಿದ. ಅಮ್ಮಚ್ಚಿಯದು ಮಾತ್ರ ಒಂದೇ ಹಟ. "ಗಂಟು ತೆಗ್ದಾಯ್ತಲ್ಲ, ಇನ್ನೇನ್ ತೆಗೀಬೇಕು? ನಮ್ಮ ತ್ರೇಸ್ಯನ್ನ ಗಂಟು ಕೊಲ್ಲಲಿಲ್ಲ, ಆ ಡ್ರಿಪ್ಪು ಕೊಂದಿದ್ದು" ಎಂದು. ತ್ರೇಸ್ಯ ಅವರ ತಂಗಿ, ಮೂವತ್ತು ವರ್ಷದ ಹಿಂದೆ ತೀರಿಹೋದವರು. ಶನಿವಾರ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅಮ್ಮಚ್ಚಿ, "ಮನುಷ್ಯರಿಗೆ ತಿಳೀದೇ ಇದ್ರೆ ಚೀಟಿ ಹಾಕೋದು ನಮ್ಮ ಮನೆ ಪದ್ಧತಿ" ಎಂದರು. ನಿಜವೇ. ಈ ಮನೆಯಲ್ಲಿ ಬಾವಿ ತೋಡಿದ ಜಾಗ, ನನ್ನ ಮಗಳ ಹೆಸರು ಎಲ್ಲವೂ ಚೀಟಿಯಲ್ಲಿ ಬಂದವೇ. ಯೇಸುವಿನ ತಿರುಹೃದಯದ ಪಟದ ಕೆಳಗೆ, ಕೆಂಪು ಬಲ್ಬಿನ ಮುಂದೆ, ಸ್ಟೀಲ್ ಲೋಟದಲ್ಲಿ ಮೂರು ಚೀಟಿ. ಬೇಕು, ಬೇಡ, ಇನ್ನೊಂದು ಸಲ ಡಾಕ್ಟರನ್ನು ಕೇಳು. ಬರೆದದ್ದು ಅಮ್ಮಚ್ಚಿ, ಮಡಿಸಿದ್ದೂ ಅವರೇ. ಎತ್ತಿದ್ದು ಡೇವಿಸೇಟ್ಟನ್. ಬಂದದ್ದು "ಬೇಡ."

ಅಮ್ಮಚ್ಚಿ ಶಿಲುಬೆ ಗುರುತು ಹಾಕಿಕೊಂಡು, "ಆಯ್ತು, ದೇವ್ರು ಹೇಳಿದ್ಮೇಲೆ ಮುಗೀತು" ಎಂದು ಲೋಟಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಲೋಟ ನನ್ನ ಕೈಯಲ್ಲಿತ್ತು. ಅನುಮಾನದಿಂದಲ್ಲ ಚೇಚಿ, ಹತ್ತೊಂಬತ್ತು ವರ್ಷದ ರೂಢಿಯಿಂದ. ಬಹುಮಾನದ ಟಿಕೆಟ್ ಎಂದು ಯಾರಾದರೂ ಮುಂದೆ ಹಿಡಿದರೆ ಅಂಕಿಯನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡದೆ ನಾನು ಒಂದು ಕಾಸೂ ಬಿಚ್ಚುವುದಿಲ್ಲ, ಎಷ್ಟೋ ಸಲ ಮೂರನ್ನು ಎಂಟು ಮಾಡಿಕೊಂಡು ಬಂದಿದ್ದಾರೆ. ಎರಡನೆಯ ಚೀಟಿ ಬಿಚ್ಚಿದೆ. ಬೇಡ. ಮೂರನೆಯದು. ಬೇಡ. ಮೂರನ್ನೂ ಪಟದ ಮುಂದೆ ಸಾಲಾಗಿ ಇಟ್ಟೆ. ಆಮೇಲೆ ಡೇವಿಸೇಟ್ಟನ್, "ಅಮ್ಮಚ್ಚೀ, ದೇವ್ರಿಗೂ ಒಂದು ಚಾನ್ಸ್ ಕೊಡ್ಬಾರ್ದಿತ್ತಾ?" ಎಂದ. "ಅವನಿಗೆ ತಪ್ಪಾಗ್ಬಾರ್ದು ಅಂತಾನೇ ಬರೆದಿದ್ದು" ಎಂದರು ಅಮ್ಮಚ್ಚಿ, ಗಂಭೀರವಾಗಿ. ನಾನು ನಗಲು ಹೋದೆ, ಅವರು ನನ್ನ ಕೈಯಿಂದ ಲೋಟ ಕಿತ್ತುಕೊಂಡರು. "ತ್ರೇಸ್ಯ ಆಗ ಬೇಡ ಬೇಡ ಅಂತಿದ್ಲು. ತಗೋ, ಹೇಡಿ ಥರ ಆಡ್ಬೇಡ ಅಂತ ಬೈದು ಕರ್ಕೊಂಡು ಹೋಗಿದ್ದು ನಾನು. ಇನ್ನೊಬ್ಬಳನ್ನ ಕರ್ಕೊಂಡು ಹೋಗೋ ಶಕ್ತಿ ನಂಗಿಲ್ಲ ಕಣೇ." ದಿನವೂ ಚರ್ಚಿನ ಮಾಸಿಗೆ ಹೋಗುವ, ಉಪವಾಸದ ದಿನ ಉಗುಳು ನುಂಗುವುದಕ್ಕೂ ಯೋಚಿಸುವ ಹೆಂಗಸು. ನನಗಾಗಿ ಪ್ರಾರ್ಥಿಸಿದವರು ಬೇಕಾದಷ್ಟು ಜನರಿದ್ದಾರೆ. ನನಗಾಗಿ ದೇವರ ಎದುರೇ ಮೋಸ ಮಾಡಿದವರು ಇವರೊಬ್ಬರೇ. ಅವತ್ತು ಅವರ ಪಕ್ಕದಲ್ಲೇ ಕೂತು ಗಂಜಿ ಕುಡಿದೆ. ಭಾನುವಾರ ಬೆಳಿಗ್ಗೆ ಅವರು ಪಾಪನಿವೇದನೆಗೆ ಹೋಗಿ ಬಂದರು. ಜಾಲರಿಯ ಆಚೆ ಪಾದ್ರಿ ಅಚ್ಚನ್ ನಗು ತಡೆಯಲು ಎಷ್ಟು ಕಷ್ಟಪಟ್ಟರೋ ತಿಳಿಯದು.

ಹಾಗೆ ಚೀಟಿಯೂ ಕೈಕೊಟ್ಟಿತು. ಸೋಮವಾರ ಗೂಡಿನಲ್ಲಿ ಕೂತು ಡಾಕ್ಟರ ಚುಕ್ಕಿಗಳನ್ನು ಎಣಿಸುತ್ತಿದ್ದೆ. ತೊಂಬತ್ತನಾಲ್ಕು ಮಂದಿ ಸುಮ್ಮನೆ ನರಳುವ ಲೆಕ್ಕ, ಯಾರು ಒಪ್ಪುತ್ತಾರೆ ಅನಿಸಿತು. ಆಗ ಪೊರಿಂಜು ನೆನಪಾದ. ನಿನಗೆ ಅವನು ಗೊತ್ತಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನು, ದಿನವೂ ಕೊನೆಯ ನಾಲ್ಕು ಅಂಕಿ 4172 ಇರುವ ಟಿಕೆಟ್ಟೇ ಬೇಕು ಅವನಿಗೆ. ಎಂಟು ವರ್ಷ ನಾನು ಅದನ್ನು ಎತ್ತಿಟ್ಟುಕೊಟ್ಟೆ. ಒಂದು ದಿನ ಬಂದು, "ಇವತ್ತು ಬೇಡ ಎಲ್ಸಿ, ಸಾಕಾಗೋಯ್ತು" ಎಂದು ಚಹಾ ಕುಡಿದು ಹೋದ. ಅವತ್ತೇ 4172 ಹೊಡೆಯಿತು. ಹೊಡೆದದ್ದು ದೊಡ್ಡ ಬಹುಮಾನವೇನಲ್ಲ, ಆದರೆ ಮರುದಿನ ಅವನು ಬಂದು ನನ್ನ ಗೂಡಿನ ಮುಂದೆ ನಿಂತ ಮುಖ ಇದೆಯಲ್ಲ. ಬೈಯಲಿಲ್ಲ, ಅಳಲಿಲ್ಲ, ಫಲಿತಾಂಶದ ಹಾಳೆ ನೋಡುತ್ತ ನಿಂತಿದ್ದ, ಅಷ್ಟೆ. ಟಿಕೆಟ್ ಕೊಂಡು ಸೋತವರ ಮುಖ ನಾನು ದಿನಕ್ಕೆ ಇನ್ನೂರು ನೋಡುತ್ತೇನೆ. ಹರಿದು ಬಿಸಾಡುತ್ತಾರೆ, ಸರ್ಕಾರಕ್ಕೆ ಒಂದು ಬೈಗುಳ ಕೊಡುತ್ತಾರೆ, ಬಸ್ ಹತ್ತುತ್ತಾರೆ, ಮರುದಿನ ಮರೆತಿರುತ್ತಾರೆ. ಕೊಳ್ಳದೆ ಸೋತವನ ಮುಖ ಮಾತ್ರ ಆ ಒಂದೇ, ಅದನ್ನು ಇವತ್ತಿಗೂ ಮರೆತಿಲ್ಲ. ಐದು ವರ್ಷದ ಮೇಲೆ ಕಾಯಿಲೆ ಮರಳಿ ಬಂದರೆ, ತೆಗೆದುಕೊಂಡಿದ್ದವಳಾಗಿದ್ದರೆ ನಾನು ಬೈದುಕೊಂಡು ಬಸ್ ಹತ್ತಬಲ್ಲೆ. ಬಿಟ್ಟವಳಾಗಿದ್ದರೆ ಪೊರಿಂಜುವಿನ ಮುಖ ಹೊತ್ತುಕೊಂಡು ನನ್ನ ಮಗಳ ಮುಂದೆ ನಿಲ್ಲಲಾರೆ. ಬೇರೆಯವಳಿಗೆ ಬೇರೆ ಮುಖದ ಭಯವಿರಬಹುದು, ಅವಳು ಮಾತ್ರೆಯ ದಾರಿ ಹಿಡಿಯಲಿ. ನನ್ನ ಭಯ ಇದು. ಇಷ್ಟು ವರ್ಷ ಊರಿಗೆಲ್ಲ ಲಕ್ಷಕ್ಕೊಂದು ಆಸೆ ಮಾರಿದ್ದೇನೆ, ನನಗಾಗಿ ಒಂದು ಟಿಕೆಟ್ ಎತ್ತಿಟ್ಟುಕೊಂಡವಳಲ್ಲ. ನೂರಕ್ಕೆ ಆರು ಎಂದರೆ ನಮ್ಮ ವ್ಯಾಪಾರದಲ್ಲಿ ಜನ ಗೂಡನ್ನೇ ಹೊತ್ತುಕೊಂಡು ಹೋಗುತ್ತಾರೆ.

ಇವತ್ತು ಬೆಳಿಗ್ಗೆ ಹೋಗಿ ಸಹಿ ಹಾಕಿ ಬಂದೆ. ನಾಲ್ಕು ಡ್ರಿಪ್, ಮೂರು ವಾರಕ್ಕೊಂದು. ಮೊದಲನೆಯದು ಬರುವ ಸೋಮವಾರ, ನೋಂಬು ಹಿಡಿಯುವ ದಿನವೇ. ದಿನ ಆರಿಸಿದ್ದು ಡೇವಿಸೇಟ್ಟನ್. ಭಾನುವಾರ ಪೆತ್ರತ್ತ, ಊರೆಲ್ಲ ಕೊನೆಯ ಸಲ ಮಾಂಸ ತಿನ್ನುವ ದಿನ, ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಸೋಮವಾರದಿಂದ ಅವನ ಕತ್ತಿಗೂ ಉಪವಾಸ, ಅವನು ನನ್ನ ಪಕ್ಕದಲ್ಲಿ ಕೂರಬಹುದು. ಬೆರಳ ಜೋಮಿಗೆ ಡ್ರಿಪ್ ನಡೆಯುವಾಗ ಮಂಜುಗಡ್ಡೆ ಹಿಡಿದುಕೊಳ್ಳುವ ಉಪಾಯವೊಂದನ್ನು ಡಾಕ್ಟರ್ ಹೇಳಿದ್ದಾರೆ. ಮಾಂಸದಂಗಡಿಯವನ ಹೆಂಡತಿಗೆ ಐಸಿಗೆ ಬರವೇ. ಅಮ್ಮಚ್ಚಿಗೆ ನಾನೇ ಹೇಳಿದೆ. ಬಹಳ ಹೊತ್ತು ಜಪಮಾಲೆ ತಿರುಗಿಸಿ, "ಆಸ್ಪತ್ರೆಗೆ ಬರಲ್ಲ, ಅದೊಂದು ಕೇಳ್ಬೇಡ. ನೀನು ಮಲಗಿರೋ ದಿನ ನಿನ್ನ ಗೂಡಲ್ಲಿ ನಾನು ಕೂರ್ತೀನಿ" ಎಂದರು. ಲಾಟರಿಯನ್ನು ಜೂಜೆಂದು ಹತ್ತೊಂಬತ್ತು ವರ್ಷ ಆ ಗೂಡಿನ ಕಡೆ ಮುಖ ತಿರುಗಿಸಿಯೂ ನೋಡದವರು. ಅಂಕಿ ತಿದ್ದಿದ ಟಿಕೆಟ್ ತಂದರೆ ಹೇಗೆ ಕಂಡುಹಿಡಿಯುತ್ತೀರಿ ಎಂದರೆ, "ಮೋಸ ಮಾಡಿದೋಳಿಗೆ ಮೋಸ ಕಾಣಲ್ವಾ?" ಅಂತೆ.

ಒಟ್ಟಿನಲ್ಲಿ ನನ್ನ ಸುತ್ತ ಇಷ್ಟು ಜನರಿದ್ದಾರೆ ಎಂದು ಈ ಗಂಟು ಬಂದ ಮೇಲೆ ಗೊತ್ತಾಯಿತು. ಬೇರೆ ಯಾವುದಾದರೂ ನೆಪದಲ್ಲಿ ಗೊತ್ತಾಗಿದ್ದರೂ ಆಗುತ್ತಿತ್ತು, ಇರಲಿ. ನಿಮ್ಮ ಮದರ್‌ಗೆ ನನ್ನ ವಂದನೆ ಹೇಳು. ಕೆಮ್ಮಿಗೆ ಕರಿಮೆಣಸಿನ ಕಷಾಯ ಕುಡಿ. ಈಸ್ಟರ್ ಕಳೆದ ವಾರ ಬರುತ್ತೇನೆ, ಅಷ್ಟರಲ್ಲಿ ಮೂರು ಡ್ರಿಪ್ ಮುಗಿದಿರುತ್ತವೆ.

ನಿನ್ನ ತಂಗಿ,
ಎಲ್ಸಿ

ತಾ.ಕ.: ಬರೆಯಬೇಕೆಂದಿದ್ದ ಮಾತು ಬರೆಯದೆ ಸಹಿ ಹಾಕಿಬಿಟ್ಟೆ, ಅಂಚೆಯವರು ನಾಲ್ಕಕ್ಕೆ ಕಟ್ಟು ಕಟ್ಟುತ್ತಾರೆ. ನೀನು ಮಠದ ವಸ್ತ್ರ ತೊಟ್ಟ ದಿನ ನಿನ್ನ ಜಡೆ ಕತ್ತರಿಸಿದರಲ್ಲ, ಅಮ್ಮ ಅದನ್ನು ಹೊರಬಾಗಿಲಿನಲ್ಲಿ ಬೇಡಿ ಇಸಿದುಕೊಂಡು ಬಂದಿದ್ದಳು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅವಳು ಉಡುತ್ತಿದ್ದ ಬಿಳಿ ಮುಂಡುಗಳ ಕೆಳಗೆ, ಪೆಟ್ಟಿಗೆಯ ತಳದಲ್ಲಿ, ಅದು ಇನ್ನೂ ಇದೆ. ಎರಡು ಮೊಳ, ಒಂದು ಎಳೆ ಬಿಳಿಯಿಲ್ಲ. ತ್ರಿಶೂರಿನಲ್ಲಿ ವಿಗ್ ಕಟ್ಟಿಕೊಡುವವನಿಗೆ ತೋರಿಸಿದೆ, ಒಂದು ತಲೆಗೆ ಸಾಕು ಎಂದ. ದೇವರಿಗೆ ಕೊಟ್ಟದ್ದನ್ನು ಲಾಟರಿ ಮಾರುವವಳು ತಲೆಗೆ ಹಾಕಿಕೊಳ್ಳಬಹುದೋ ಇಲ್ಲವೋ ನೀನೇ ಹೇಳಬೇಕು. ಬೇಡವೆಂದಾದರೆ ಭಾನುವಾರ ಸಂಜೆಯೊಳಗೆ ಹೊರಬಾಗಿಲ ಸಿಸ್ಟರ್ ಕೈಯಲ್ಲಿ ಒಂದು ಫೋನ್ ಮಾಡಿಸು, ಬೇಸರವಿಲ್ಲ. ಸರಿಯೆಂದಾದರೆ ಏನೂ ಮಾಡಬೇಡ. ಸೋಮವಾರ ಬೆಳಿಗ್ಗೆ ಫೋನ್ ಸುಮ್ಮನಿದ್ದರೆ ಸಾಕು, ನೀನೂ ಜೊತೆಗೆ ಬರುತ್ತಿದ್ದೀಯ ಎಂದುಕೊಂಡು ಹೊರಡುತ್ತೇನೆ.