ಕೋಟು ಹಾಕಿದ ಅಪ್ಪ

ಮೈಸೂರು
೯ ಜುಲೈ ೨೦೨೪

ಮುದ್ದಿನ ಅವ್ವನಿಗೆ, ನಿನ್ನ ಸಿಡುಕಿ ಮಗಳು ಮಾಲಾಳ ನಮಸ್ಕಾರ.

ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಾದರೆ ನೀನು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತೀಯ. ಇದನ್ನು ಕನ್ನಡಕ ಹಾಕಿಕೊಂಡು ನೀನೊಬ್ಬಳೇ ಓದು.

ಅಪ್ಪನ ಫೋಟೋವನ್ನು ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೀಯಂತೆ, ತಮ್ಮ ಬಾಲರಾಜು ಹೇಳಿದ. ತಪ್ಪು ನನ್ನದು. ಅಪ್ಪ ಹೋದಾಗ ಮನೆಯಲ್ಲಿ ಒಂದೂ ಫೋಟೋ ಇರಲಿಲ್ಲ. ನೀನು ಅಪ್ಪನ ವೋಟರ್ ಕಾರ್ಡ್ ಹಿಡಿದು ಮೊಳಕಾಲ್ಮೂರಿನಿಂದ ಚಳ್ಳಕೆರೆಯ ಸ್ಟುಡಿಯೋಗೆ ಹೋದೆ. ಅವರು ಆ ತಲೆಯನ್ನು ಯಾರದೋ ಕೋಟು ತೊಟ್ಟ ಮೈಗೆ ಕೂರಿಸಿ, ಹಿಂದೆ ಒಂದು ಕಂಬ, ಕೆಂಪು ಪರದೆ ಸೇರಿಸಿ ಕೊಟ್ಟರು. ತಿಥಿಗೆ ಬಂದವರ ಮುಂದೆಯೇ ನಾನು ಇದು ನಮ್ಮಪ್ಪ ಅಲ್ಲ ಎಂದು ರೇಗಿದೆ. "ನಿಮ್ಮಪ್ಪ ಶೇಂಗಾ ಮೂಟೆ ಹೊತ್ತೇ ಹೋದ, ಈಗಾದ್ರೂ ಒಂದು ಕೋಟು ಹಾಕ್ಕಳ್ಳಿ ಬಿಡೇ" ಅಂದೆ ನೀನು. ನಾನು ಉಣ್ಣದೆ ಬಸ್ಸು ಹತ್ತಿದೆ.

ಹೋದ ವಾರ ಕಾಲೇಜಿನಲ್ಲಿ ನಮ್ಮ ಚಿತ್ರಕಲೆಯ ಮೇಡಂ ತರಗತಿಯಲ್ಲಿ ಹಳೆಯ ಅಚ್ಚಿನ ಚಿತ್ರಗಳನ್ನು ತೋರಿಸಿದರು. ಮುನ್ನೂರು ವರ್ಷಕ್ಕೂ ಹಿಂದೆ ಯೂರೋಪಿನಲ್ಲಿ ದೊರೆಗಳ ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು, ಕಾಗದಕ್ಕೆ ಅಚ್ಚೊತ್ತಿ ಹಂಚುತ್ತಿದ್ದರಂತೆ. ಉಕ್ಕಿನ ಕವಚ, ಕೈಯಲ್ಲಿ ದಂಡ, ಮೇಜಿನ ಮೇಲೆ ಕಿರೀಟ, ಹಿಂದೆ ಕಂಬ, ಇಳಿಬಿಟ್ಟ ಪರದೆ. ಯುದ್ಧದ ಮುಖ ನೋಡದವನಿಗೂ ಕವಚವೇ. ಆಮೇಲೆ ಮೇಡಂ ಎರಡು ಹಾಳೆ ಪಕ್ಕಪಕ್ಕ ಇಟ್ಟರು. ಅದೇ ಕವಚ, ಅದೇ ಕೈ, ತಲೆ ಮಾತ್ರ ಬೇರೆ. ದೊರೆ ಬದಲಾದಾಗ ತಗಡಿನಲ್ಲಿ ತಲೆಯನ್ನಷ್ಟೇ ಹೆರೆದು ಹೊಸಬನದನ್ನು ಕೊರೆದಿದ್ದರು. ಎಲ್ಲರೂ ನಕ್ಕರು, ನನಗೆ ಅಳು ಬಂತು. ದೊರೆಗಳಿಗೇ ಎರವಲು ಮೈ ಸಾಕಾಗಿರುವಾಗ, ನೀನು ನಿನ್ನ ಗಂಡನಿಗೆ ಒಂದು ಕೋಟು ತೊಡಿಸಿದ್ದರಲ್ಲಿ ತಪ್ಪೇನಿತ್ತು? ನೀನು ಅಪ್ಪನಿಗೆ ಮರ್ಯಾದೆ ಮಾಡಿದ್ದೆ. ಅದು ನನಗೆ ಕಾಣಲಿಲ್ಲ.

ಫೋಟೋ ಇಳಿಸಿ ಗೋಡೆಗೆ ಹಾಕು ಅವ್ವ. ವರ್ಷದ ಕಾರ್ಯಕ್ಕೆ ಬರುತ್ತೇನೆ, ಹೂವು ನಾನೇ ತರುತ್ತೇನೆ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ. ಎಷ್ಟು ಬೇಕಾದರೂ ಬೈ, ಮಾತು ಮಾತ್ರ ಬಿಡಬೇಡ.

ನಿನ್ನ
ಮಾಲಾ

ಇನ್ನೊಂದು ಮಾತು: "ನಿನ್ನ ಫೋನಿನಲ್ಲಾದರೂ ಅಪ್ಪನ ಫೋಟೋ ಐತಾ" ಎಂದು ಸ್ಟುಡಿಯೋಗೆ ಹೋಗುವ ಮೊದಲು ನೀನು ಕೇಳಿದಾಗ ಇಲ್ಲ ಎಂದೆ. ಇತ್ತು. ಅದನ್ನು ಪ್ರಿಂಟ್ ಹಾಕಿಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಮ್ಮ ಹಾಸ್ಟೆಲ್ ಗೇಟು, ಅಪ್ಪನ ತಲೆಗೆ ಟವೆಲ್ಲು, ಬರಿಗಾಲು, ಹೆಗಲ ಮೇಲೆ ನನಗೆಂದು ತಂದ ಶೇಂಗಾ ಚೀಲ. ತೆಗೆದವಳು ಗೆಳತಿ ಶ್ರುತಿ. ಇವರು ಯಾರು ಎಂದು ಅವಳು ಕೇಳಿದ್ದಕ್ಕೆ, ನಮ್ಮೂರಿನ ಯಾರೋ ಎಂದುಬಿಟ್ಟೆ. ಅಪ್ಪ ಅಲ್ಲೇ ಇದ್ದ. ಚಿತ್ರದಲ್ಲಿರುವುದು ಅದನ್ನು ಕೇಳಿಸಿಕೊಂಡ ಮೇಲೆ ನಕ್ಕ ನಗು.